ತೆಗೆದ ಚಿತ್ರವೋ, ಮಾಡಿದ ಚಿತ್ರವೋ?

ಹಿತ್ತಲಲ್ಲಿ ನಿಂತು ಗ್ರಹಗಳ ಫೋಟೊ ತೆಗೆಯುವವನಿಗೆ ದೊಡ್ಡ ಎದುರಾಳಿ ದೂರವಲ್ಲ, ಗಾಳಿ. ಗುರುಗ್ರಹ ನಮಗೆ ಎಷ್ಟು ಪುಟ್ಟದಾಗಿ ಕಾಣುತ್ತದೆಂದರೆ, ಹುಣ್ಣಿಮೆ ಚಂದ್ರನ ಅಡ್ಡಗಲದಲ್ಲಿ ಅಂಥ 35ಕ್ಕೂ ಹೆಚ್ಚು ಬಿಲ್ಲೆಗಳನ್ನು ಸಾಲಾಗಿ ಕೂರಿಸಬಹುದು. ಅಲ್ಲಿಂದ ಹೊರಟ ಬೆಳಕು 60 ಕೋಟಿ ಕಿಲೋಮೀಟರಿಗೂ ಹೆಚ್ಚು ದೂರ ನೆಟ್ಟಗೆ ಬಂದು, ಕೊನೆಯಲ್ಲಿ ನಮ್ಮೂರ ಗಾಳಿಗೆ ಸಿಕ್ಕಿ ನಡುಗಿಬಿಡುತ್ತದೆ. ಹರಿಯುವ ಹಳ್ಳದ ತಳದಲ್ಲಿ ಬಿದ್ದ ನಾಣ್ಯದಂತೆ ಗ್ರಹ ಕುಣಿಯುತ್ತದೆ.

ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ನನ್ನಲ್ಲಿರುವುದು ಆರು ಅಂಗುಲ ಕನ್ನಡಿಯ ದೂರದರ್ಶಕ, ಒಂದು ಪುಟ್ಟ ವಿಡಿಯೊ ಕ್ಯಾಮೆರಾ, ಹಳೆಯ ಲ್ಯಾಪ್‌ಟಾಪ್. ಇಷ್ಟರಲ್ಲೇ ಚಿತ್ರ ಸುಧಾರಿಸುವ ಉಪಾಯಗಳು ಹಲವಾರಿವೆ. ದೂರದರ್ಶಕವನ್ನು ಒಂದು ಗಂಟೆ ಮೊದಲೇ ಹೊರಗಿಟ್ಟು ಆರಲು ಬಿಡಬೇಕು. ಹಗಲೆಲ್ಲ ಕಾದ ತಾರಸಿಯ ಮೇಲೆ ಇಡುವ ಬದಲು ಹುಲ್ಲು, ಮಣ್ಣಿನ ನೆಲದಲ್ಲಿಡಬೇಕು. ಗ್ರಹ ಎತ್ತರಕ್ಕೇರುವ ತನಕ ಕಾಯಬೇಕು. ಈ ವಿಷಯದಲ್ಲಿ ಕನ್ನಡಿಗರು ಅದೃಷ್ಟವಂತರು. ಇಂಗ್ಲೆಂಡಿನವರಿಗೆ ಕೆಲವು ವರ್ಷ ಗುರು, ಶನಿಗಳು ದಿಗಂತದ ಮಬ್ಬಿನಲ್ಲೇ ಸುಳಿದು ಮುಳುಗುತ್ತವೆ. ನಮಗಾದರೋ ಅವು ಪ್ರತಿ ವರ್ಷವೂ ಅರ್ಧ ಆಕಾಶಕ್ಕಿಂತ ಮೇಲೇರುತ್ತವೆ.

ಆಮೇಲಿನದು ಆರಿಸುವ ಕೆಲಸ. ಸೆಕೆಂಡಿಗೆ ನೂರರಂತೆ 90 ಸೆಕೆಂಡು ವಿಡಿಯೊ ತೆಗೆದರೆ 9,000 ಬಿಡಿ ಚಿತ್ರಗಳು. ಗಾಳಿ ಕ್ಷಣಕಾಲ ತೆಪ್ಪಗಾದಾಗ ಸಿಕ್ಕ 900ನ್ನು ಮಾತ್ರ ಆರಿಸಿ, ಒಂದರ ಮೇಲೊಂದು ಕೂರಿಸಿ, ಸರಾಸರಿ ತೆಗೆಯುವುದು. ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ, ಆದರೆ ಇಲ್ಲಿ ಕಲ್ಲೇ ಹೆಚ್ಚು! ಹೀಗೆ ಮಾಡಿದರೆ ಕ್ಯಾಮೆರಾದ ಕಾಳುಕಾಳು ಗದ್ದಲ 900ರ ವರ್ಗಮೂಲದಷ್ಟು, ಅಂದರೆ 30 ಪಟ್ಟು ಇಳಿಯುತ್ತದೆ. ವಿಡಿಯೊ ಬಹಳ ಉದ್ದವಾಗಲೂಬಾರದು. ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗಿಬಿಡುವ ಗುರು ನಮಗಾಗಿ ನಿಲ್ಲುವುದಿಲ್ಲ. ಈ ಕೆಲಸಕ್ಕೆ ಬೇಕಾದ ಆಟೊಸ್ಟ್ಯಾಕರ್ಟ್, ರೆಜಿಸ್ಟ್ಯಾಕ್ಸ್‌ನಂಥ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ.

ಅಪಾಯವಿರುವುದು ಕೊನೆಯ ಹಂತದಲ್ಲಿ. ಚಿತ್ರವನ್ನು ಹರಿತಗೊಳಿಸುವ ಗುಂಡಿ ತಿರುಗಿಸಿದಷ್ಟೂ ಗುರುವಿನ ಪಟ್ಟಿಗಳು ಎದ್ದು ಬರುತ್ತವೆ. ಇನ್ನೂ ತಿರುಗಿಸಿದರೆ ಇಲ್ಲದ ಗೆರೆಗಳೂ ಹುಟ್ಟುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪರ್ಸಿವಲ್ ಲೊವೆಲ್ ಮಂಗಳದ ಮೇಲೆ ಕಾಲುವೆಗಳ ಜಾಲವನ್ನೇ ಕಂಡು ನಕ್ಷೆ ಬರೆದರು, ಅಲ್ಲಿ ಕಾಲುವೆಗಳಿರಲಿಲ್ಲ. ಅಂದು ಕಣ್ಣು ಮಾಡಿದ ಕೆಲಸವನ್ನು ಇಂದು ಯಂತ್ರವೂ ಮಾಡಬಲ್ಲದು. ಕೆಲವು ಮೊಬೈಲುಗಳಂತೂ ಚಂದ್ರನನ್ನು ಗುರುತಿಸಿ, ಮೊದಲೇ ಕಲಿತ ಚಿತ್ರಗಳ ಬಲದಿಂದ ವಿವರಗಳನ್ನು ತಾವೇ ತಿದ್ದಿ ಕೊಡುತ್ತವೆ. ಹಾಗಾಗಿ ಹುಡುಗನೊಬ್ಬ, "ಸಾರ್, ಇದು ತೆಗೆದ ಚಿತ್ರವೋ, ಮಾಡಿದ ಚಿತ್ರವೋ?" ಎಂದು ಕೇಳಿದಾಗ ನನಗೆ ಸಿಟ್ಟು ಬರಲಿಲ್ಲ. ವಿಜ್ಞಾನ ಆರಂಭವಾಗುವುದೇ ಆ ಪ್ರಶ್ನೆಯಿಂದ.

ಉತ್ತರವಾಗಿ ನಾನು ಹೇಳುವುದು ಆಸ್ಟ್ರೇಲಿಯದ ಹವ್ಯಾಸಿ ಆಂಟನಿ ವೆಸ್ಲಿಯವರ ಕಥೆ. 2009ರ ಜುಲೈ 19ರ ರಾತ್ರಿ ತಮ್ಮ ಮನೆಯ 14.5 ಅಂಗುಲದ ದೂರದರ್ಶಕದಲ್ಲಿ ಗುರುವಿನ ದಕ್ಷಿಣ ಧ್ರುವದ ಬಳಿ ಅವರಿಗೊಂದು ಕಪ್ಪು ಮಚ್ಚೆ ಕಂಡಿತು. ಉಪಗ್ರಹವೋ, ಅದರ ನೆರಳೋ ಎಂದು ತಾಳೆ ನೋಡಿದರು, ಅಲ್ಲ. ಮಚ್ಚೆ ಗ್ರಹದ ಜೊತೆಗೇ ತಿರುಗುತ್ತಿತ್ತು. ಯಾವುದೋ ಆಕಾಶಕಾಯ ಗುರುವಿಗೆ ಬಡಿದು ಮಾಡಿದ ಗಾಯ ಅದು! ಅವರು ಸುದ್ದಿ ಮುಟ್ಟಿಸಿದ ಮೇಲೆ ನಾಸಾದ ದೊಡ್ಡ ದೂರದರ್ಶಕವೂ ಅತ್ತ ತಿರುಗಿ ಅದನ್ನು ದೃಢಪಡಿಸಿತು. ಚಿತ್ರ ಅಂದವಾಗಲೆಂದು ಆ ಕಪ್ಪುಚುಕ್ಕೆಯನ್ನು ಒರೆಸಿಬಿಟ್ಟಿದ್ದರೆ?

ನಮ್ಮ ಶಾಲೆಯಲ್ಲೀಗ ಎರಡು ನಿಯಮಗಳಿವೆ. ಸಿದ್ಧವಾದ ಚಿತ್ರದ ಪಕ್ಕದಲ್ಲಿ ಅದರದೇ ಒಂದು ಬಿಡಿ ಚಿತ್ರವನ್ನು, ಎಷ್ಟೇ ಮಸುಕಾಗಿದ್ದರೂ, ಅಂಟಿಸಬೇಕು. ಎರಡನೆಯದಾಗಿ, ಇಪ್ಪತ್ತು ನಿಮಿಷ ಬಿಟ್ಟು ಇನ್ನೊಂದು ವಿಡಿಯೊ ತೆಗೆಯಬೇಕು. ಅಷ್ಟರಲ್ಲಿ ಗುರು ಸುಮಾರು 12 ಡಿಗ್ರಿ ತಿರುಗಿರುತ್ತದೆ. ಅದರ ಮೈಮೇಲಿನ ಗುರುತಾದರೆ ಜೊತೆಗೇ ಸರಿದಿರಬೇಕು. ಇಲ್ಲವಾದರೆ ಅದನ್ನು ನಂಬುವಂತಿಲ್ಲ.

ಮೊನ್ನೆ ಒಂಬತ್ತನೆಯ ತರಗತಿಯ ಹುಡುಗಿ ಗುರುವಿನ ಮೇಲೆ ಹೊಸ ಚುಕ್ಕೆ ಕಂಡುಹಿಡಿದಳು. ತರಗತಿಗೆಲ್ಲ ಸಂಭ್ರಮ. ಎರಡನೆಯ ವಿಡಿಯೊದಲ್ಲಿ ಚುಕ್ಕೆ ಇದ್ದಲ್ಲೇ ಇತ್ತು. ಅವಳು ತಾನೇ ಹಣೆಪಟ್ಟಿ ಹೊಡೆದುಹಾಕಿ ಹೇಳಿದಳು: "ಇದು ಗುರುವಿನ ಕಲೆ ಅಲ್ಲ ಸಾರ್, ಕ್ಯಾಮೆರಾದ ಧೂಳು."