ಗುಬ್ಬಿನಾಡಿನ ಮಳೆ ಲೆಕ್ಕ

ಕಥೆಗಾಗಿ ಹೊಸ ನಾಡು ಕಟ್ಟುವ ಮಕ್ಕಳು ಮೊದಲು ಅರಮನೆ ಬರೆಯುತ್ತಾರೆ, ಆಮೇಲೆ ಬೆಟ್ಟ, ನದಿ. ಮಳೆಯ ಗೋಜಿಗೆ ಹೋಗುವವರು ಕಡಿಮೆ. ಏಳನೇ ತರಗತಿಯ ನನ್ನ ಮೊಮ್ಮಗಳ ದ್ವೀಪ ಗುಬ್ಬಿನಾಡಿನಲ್ಲೂ ನಡುವೆ ಉದ್ದಕ್ಕೆ ಬೆಟ್ಟಸಾಲು, ಎರಡೂ ಪಕ್ಕ ಹಸಿರೋ ಹಸಿರು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನು ನಾನು. ಜಮಾ ಎಲ್ಲಿಂದ ಬಂತೆಂದು ಕೇಳದೆ ಬಿಟ್ಟೇನೆಯೇ?

"ಗಾಳಿ ಯಾವ ಕಡೆಯಿಂದ?" ಎಂದೆ. ಪಶ್ಚಿಮದ ಕಡಲಿನಿಂದಂತೆ. ಹಾಗಾದರೆ ನೀರಾವಿ ಹೊತ್ತ ಗಾಳಿ ಬೆಟ್ಟ ಏರಬೇಕು. ಏರಿದಂತೆ ತಣ್ಣಗಾಗಿ, ಆವಿ ಹನಿಗಟ್ಟಿ, ಬಹುಪಾಲು ಅಲ್ಲೇ ಸುರಿಯುತ್ತದೆ. ಆಚೆ ಇಳಿಯುವಾಗ ಗಾಳಿ ಬಿಸಿಯಾಗಿ ಮೋಡ ಕರಗುತ್ತದೆ. ಆ ಕಡೆಯೇ ಮಳೆನೆರಳು. ನಮ್ಮಲ್ಲೇ ನೋಡಿ ಮಕ್ಕಳೇ, ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ನೇರ ಗೆರೆ ಎಳೆದರೆ ಚಳ್ಳಕೆರೆ ಅಲ್ಲಿಂದ 200 ಕಿ.ಮೀ. ಕೂಡ ಇಲ್ಲ, ಅಲ್ಲಿ 500ರ ಆಸುಪಾಸು.

ಪೂರ್ವದ ಹಸಿರಿನ ಮೇಲೆ ಕಂದು ಬಣ್ಣ ಬಳಿಯುವಾಗ ಅವಳ ಮುಖ ಸಪ್ಪಗಾಯಿತು. ಕಥೆಯ ಹುಡುಗ ಆ ಕಡೆಯವನು, ಭತ್ತ ಬೆಳೆಯುವ ಮನೆಯವನು. "ಅವನು ಊರು ಬಿಡಬೇಕಾ ತಾತ?"

ಬೇಡ, ನದಿ ಕೊಡೋಣ ಎಂದೆ. ವೇದಾವತಿ ಹೀಗೆಯೇ ಬಾಬಾಬುಡನ್‌ಗಿರಿಯ ಕಡೆಯಿಂದ ಹಿರಿಯೂರಿನ ಒಣಸೀಮೆಗೆ ಇಳಿಯುತ್ತದೆ. ಮೈಸೂರು ಅರಸರು ಅದಕ್ಕೆ ಕಟ್ಟಿಸಿದ ವಾಣಿ ವಿಲಾಸ ಸಾಗರ ಮುಗಿದದ್ದು 1907ರಲ್ಲಿ. ಭತ್ತ ಮಾತ್ರ ಬೇಡ, ರಾಗಿ, ಶೇಂಗಾ ಸಾಕು.

ಆದರೆ ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ! ಸಾಲ ಕಟ್ಟಲು ಬರುತ್ತಿದ್ದ ರೈತರ ಬಾಯಲ್ಲಿ ಸರಾಸರಿ ಮಳೆಯ ಮಾತನ್ನು ನಾನು ಕೇಳಿದ್ದೇ ಇಲ್ಲ. ಹೋದ ವರ್ಷ ಬಂತು, ಈ ವರ್ಷ ಕೈಕೊಟ್ಟಿತು, ಅಷ್ಟೆ.

ಅದಕ್ಕೇ ಗುಬ್ಬಿನಾಡಿನ ಪೂರ್ವಕ್ಕೆ ಇಪ್ಪತ್ತು ವರ್ಷದ ಖಾತೆ ತೆರೆದೆವು. ಚೌಕಾಬಾರದ ನಾಲ್ಕು ಕವಡೆ ಸಾಕು: ಒಂದು ಬಿದ್ದರೆ 300 ಮಿ.ಮೀ., ಎರಡಕ್ಕೆ 500, ಮೂರಕ್ಕೆ 600, ನಾಲ್ಕಕ್ಕೆ 700, ಎಂಟಕ್ಕೆ 900. ಬಹಳ ಸಲ ಹಾಕಿದರೆ ಸರಾಸರಿ ಸುಮಾರು 500ಕ್ಕೇ ಬಂದು ನಿಲ್ಲುತ್ತದೆ.

ಹನ್ನೊಂದನೆಯ ವರ್ಷ ಒಂದು ಬಿತ್ತು. ಹನ್ನೆರಡಕ್ಕೂ ಒಂದೇ. "ಇನ್ನೊಮ್ಮೆ ಹಾಕು" ಎಂದು ನಾನೇ ಅಂದೆ. ಅವಳು ಒಪ್ಪಲಿಲ್ಲ. ಹತ್ತನೆಯ ವರ್ಷದ ಸಾಲಿನ ಮುಂದೆ ಪೆನ್ಸಿಲಿನಲ್ಲಿ ಬರೆದಳು: ಕೆರೆ ಹೂಳು ತೆಗೆಸಿದರು.