ಕೋಪ ಯಾರ ಮೇಲೆ?

ಕನ್ನಡ ಮೇಷ್ಟರಾದರೂ ಇಂಗ್ಲಿಷಿನ ಕಾಟ ತಪ್ಪಿದ್ದಲ್ಲ. ಮೊನ್ನೆ ಭಾನುವಾರ ಅಪ್ಪನನ್ನು ನೋಡಿ, ತುಂಗಭದ್ರೆಯ ಗಾಳಿ ಸೇವಿಸಿ ಬರೋಣವೆಂದು ದಾವಣಗೆರೆಯಿಂದ ಹರಿಹರಕ್ಕೆ ಹೋದವನು ಅಕ್ಕನ ಮಗಳ ಕೈಗೆ ಸಿಕ್ಕಿಬಿದ್ದೆ. ಮರುದಿನ ಅವಳಿಗೆ ಇಂಗ್ಲಿಷ್ ಪರೀಕ್ಷೆ.

"ಮಾಮ, ಆಂಗ್ರಿ ಆದಮೇಲೆ ಏನು ಬರುತ್ತೆ?"

"ಊಟ ಬಿಡುವುದು ಬರುತ್ತದೆ" ಎಂದೆ. ಅವಳು ನಗಲಿಲ್ಲ; ಪುಸ್ತಕವನ್ನು ಮುಂದೆ ಹಿಡಿದಳು.

ಪುಸ್ತಕದ ನ್ಯಾಯ ವಿಚಿತ್ರವಾಗಿತ್ತು. ಹೆದರಿಕೆಗೆ ಆಫ್, ಹೆಮ್ಮೆಗೂ ಆಫ್, ನಾಚಿಕೆಗೂ ಆಫ್. ಚಿಂತೆಗೆ ಅಬೌಟ್. ಕೋಪವು ಯಾವುದಾದರೊಂದು ಸಂಗತಿಗಾಗಿ ಬಂದರೆ ಅಟ್ ಅಥವಾ ಅಬೌಟ್. ಮನುಷ್ಯನ ಮೇಲಾದರೆ ವಿತ್. ಮನುಷ್ಯನಿಗೂ ಅಟ್ ಹಚ್ಚುವವರುಂಟು. ಆದರೆ ಶಾಲೆಯ ಪುಸ್ತಕ ಒಪ್ಪುವುದು ವಿತ್ ಅನ್ನೇ.

ನಾನು ಹದಿಮೂರನೆಯ ಶತಮಾನದ ಕೇಶಿರಾಜನ ಶಿಷ್ಯ. 'ಶಬ್ದಮಣಿದರ್ಪಣ'ದಲ್ಲಿ ಅವನು ವಿವರಿಸಿದ ವಿಭಕ್ತಿಗಳು ಪದದ ಬೆನ್ನಿಗೆ ಅಂಟಿ ಬರುತ್ತವೆ; ಇಂಗ್ಲಿಷಿನವು ಪದದ ಮುಂದೆ ಪಹರೆಯವರಂತೆ ನಿಲ್ಲುತ್ತವೆ. ಇಂಗ್ಲಿಷಿನವನು ತಾನೇ ಕೋಪಿಷ್ಠನಾಗಿರುತ್ತಾನೆ. ನಮಗಾದರೋ ಕೋಪ 'ಬರುತ್ತದೆ', ನೆಂಟನ ಹಾಗೆ. ಬಂದದ್ದು ಇನ್ನೊಬ್ಬರ 'ಮೇಲೆ' ಹೋಗಿ ಕೂರುತ್ತದೆ.

"ವಿತ್ ಅಂದರೆ ಜೊತೆಗೆ ಅಲ್ಲವೇ? ಜೊತೆಗಿದ್ದುಕೊಂಡು ಕೋಪ ಹೇಗೆ, ಮಾಮ?"

ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದ ಅಪ್ಪ ಸಣ್ಣಗೆ ಕೆಮ್ಮಿದರು. ನನ್ನ ಬಾಯಿ ಕಟ್ಟಿತು.

ಇಂಜಿನಿಯರಿಂಗ್ ಸೀಟು ಸಿಕ್ಕಿಯೂ ನಾನು ಕನ್ನಡ ಓದುತ್ತೇನೆಂದು ಬಿ.ಎ. ಸೇರಿದವನು. ಅಂದಿನಿಂದ ಎರಡು ವರ್ಷ ಅಪ್ಪ ನನ್ನೊಡನೆ ನೇರವಾಗಿ ಮಾತಾಡಲಿಲ್ಲ. "ನಿನ್ನ ಮಗನಿಗೆ ಊಟಕ್ಕೆ ಬರಲು ಹೇಳು" ಎಂದು ಅಮ್ಮನಿಗೆ ಅಪ್ಪಣೆಯಾಗುತ್ತಿತ್ತು. ಆದರೆ ನಾನು ಬಂದು ಕೂರುವ ತನಕ ಅವರು ತುತ್ತೆತ್ತುತ್ತಿರಲಿಲ್ಲ. ಫೀಸು ಕಟ್ಟುವ ದಿನ ಹಣ ನನ್ನ ಅಂಗಿಯ ಜೇಬಿನಲ್ಲಿ ತಾನಾಗಿ ಬಂದು ಕುಳಿತಿರುತ್ತಿತ್ತು. ಆ ಎರಡು ವರ್ಷ ಕೋಪ ನನ್ನ ಮೇಲಿತ್ತೆಂದೇ ನಾನು ತಿಳಿದಿದ್ದೆ. ಜೊತೆಗಿತ್ತು ಎಂಬುದು ಹೊಳೆದಿರಲಿಲ್ಲ.

"ಹೀಗೆಯೇ" ಎಂದೆ ಹುಡುಗಿಗೆ. "ವಿತ್ ಎಂದೇ ಬರೆ."

ಸಂಜೆ ನಿಘಂಟು ತೆರೆದೆ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ವಿತ್ ಎಂದರೆ 'ಎದುರಾಗಿ' ಎಂದು ಅರ್ಥವಂತೆ. ಎದುರಿಸಿ ನಿಲ್ಲುವುದಕ್ಕೆ ಇಂದಿಗೂ ವಿತ್‌ಸ್ಟ್ಯಾಂಡ್ ಎನ್ನುವುದರಲ್ಲಿ ಆ ಹಳೆಯ ಅರ್ಥ ಉಳಿದಿದೆ. ಎದುರು ನಿಂತ ಮಾತೇ ಕಾಲಕ್ರಮದಲ್ಲಿ ಜೊತೆಗೆ ಬಂದು ನಿಂತಿದೆ! ಹರಿಹರದವನಿಗೆ ಇದರಲ್ಲಿ ಆಶ್ಚರ್ಯವೇನು? ಹೊಯ್ಸಳ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯಲ್ಲಿ, ಯಾರ ಭಕ್ತರು ಎಷ್ಟೇ ಜಗಳವಾಡಲಿ, ಹರಿಯೂ ಹರನೂ ಒಂದೇ ಮೂರ್ತಿಯಾಗಿ ನಿಂತಿದ್ದಾರೆ.

ದಾವಣಗೆರೆಗೆ ಹೊರಟಾಗ ಅಪ್ಪ ಬಸ್ ನಿಲ್ದಾಣದವರೆಗೆ ಬಂದರು.

"ಮಗುವಿಗೆ ಏನು ಹೇಳಿಕೊಟ್ಟೆ?"

"ಕೋಪದ ಪಾಠ, ಅಪ್ಪ."

"ಅದನ್ನು ನನ್ನನ್ನೇ ಕೇಳಿದ್ದರೆ ಆಗುತ್ತಿತ್ತು" ಎಂದು ನಕ್ಕರು. ಬಸ್ಸು ಹೊರಡುವ ತನಕ ಜೊತೆಗೇ ನಿಂತಿದ್ದರು.