ಕುರುಗೋಡಿನ ಹಿತ್ತಲಲ್ಲಿ ಅರ್ಧ ಬಿಚ್ಚಿದ ಪದ್ಮಿನಿ

ಕುರುಗೋಡಿನ ನಮ್ಮ ಮನೆ ಹಿತ್ತಲಲ್ಲಿ ಒಂದು ಕಾರಿದೆ. 1986ರ ಪ್ರೀಮಿಯರ್ ಪದ್ಮಿನಿ. ಐದು ವರ್ಷದಿಂದ ಅದು "ಇನ್ನೇನು ಆಗೇ ಬಿಡ್ತು" ಅನ್ನೋ ಹಂತದಲ್ಲೇ ಇದೆ. ತಗಡಿನ ಶೆಡ್ಡು, ಮೇಲೆ ನೀಲಿ ತಾಡಪತ್ರಿ, ನಾಲ್ಕು ಮೂಲೆಗೂ ಇಟ್ಟಿಗೆ. ಬೆಂಗಳೂರಿನ ಗೆಳೆಯರ ಮುಂದೆ ನಾನು ಅದನ್ನು "ನನ್ನ ಪ್ರಾಜೆಕ್ಟ್" ಅಂತೀನಿ. ಅವ್ವ ಮಾತ್ರ "ಆ ಸಾಮಾನು" ಅಂತಾಳೆ.

ಕಳೆದ ಅಕ್ಟೋಬರ್ ಕೊನೆಯಲ್ಲಿ ಅಪ್ಪ ಫೋನ್ ಮಾಡಿದರು. "ಗುಜರಿಯವ ಬಂದಿದ್ದ. ಕೆಜಿ ಲೆಕ್ಕದಾಗ ತಗೊಂತೀನಿ ಅಂದ. ಏನು ಹೇಳ್ಲಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. "ಈ ವಾರ ನಾನೇ ಬರ್ತೀನಿ" ಅಂದೆ. ಒಂದೋ ಕೊಟ್ಟುಬಿಡೋದು, ಇಲ್ಲಾ ಮುಗಿಸೋದು. ಸೋಮವಾರಕ್ಕೊಂದು ರಜೆ ಹಾಕಿ ಟಿಕೆಟ್ ಮಾಡಿಸಿದೆ.

ಬಿಚ್ಚೋದು ಹಬ್ಬ, ಕೂಡಿಸೋದು ಬಾಳ್ವೆ

ಅಪ್ಪ ಈ ಕಾರನ್ನು ಸೆಕೆಂಡ್ ಹ್ಯಾಂಡ್ ತಗೊಂಡದ್ದು 1992ರಲ್ಲಿ. ಆಗ ಅವರಿಗೆ ಬೀಜ-ಗೊಬ್ಬರದ ಅಂಗಡಿ ಇತ್ತು. ಸಿರುಗುಪ್ಪದ ರೈಸ್ ಮಿಲ್ಲುಗಳಿಗೆ ಭತ್ತದ ರೇಟು ಕೇಳೋಕೆ, ಬಳ್ಳಾರಿಗೆ ಮಾಲು ತರೋಕೆ, ಮದುವೆ-ಮುಂಜಿಗೆ, ಎಲ್ಲದಕ್ಕೂ ಇದೇ ಗಾಡಿ. ನಾನು ಹುಟ್ಟೋ ದಿನ ಅವ್ವನನ್ನು ಬಳ್ಳಾರಿ ಆಸ್ಪತ್ರೆಗೆ ಕರೆದೊಯ್ದದ್ದೂ ಇದರಲ್ಲೇ.

ಈಗಿನವರಿಗೆ ಪದ್ಮಿನಿ ಅಂದರೆ ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿ. ಇಟಲಿಯ ಫಿಯೆಟ್ 1100 ನಮ್ಮಲ್ಲಿ ತಯಾರಾಗಿ, 1974ರಿಂದ ರಾಣಿ ಪದ್ಮಿನಿಯ ಹೆಸರು ಹೊತ್ತು, 2000ದವರೆಗೂ ಬಂತು. 1089 ಸಿಸಿ ಎಂಜಿನ್, ನಾಲ್ಕು ಗಿಯರ್. ನಮ್ಮದರಲ್ಲಿ ಗಿಯರ್ ಕಡ್ಡಿ ಸ್ಟೀರಿಂಗ್ ಪಕ್ಕದಲ್ಲೇ ಇದೆ. ಹಾಗಾಗಿ ಮುಂದೆ ಒಂದೇ ಉದ್ದನೆಯ ಸೀಟು. ಚಿಕ್ಕವನಿದ್ದಾಗ ಅಪ್ಪ-ಅವ್ವನ ನಡುವೆ ಕೂತು ನಾನೇ ಗಾಡಿ ಓಡಿಸ್ತಿದೀನಿ ಅಂದುಕೊಳ್ತಿದ್ದೆ.

2020ರ ಲಾಕ್‌ಡೌನ್‌ನಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದೆ. ಸಂಜೆ ಐದರ ನಂತರ ಮಾಡೋಕೆ ಏನೂ ಇರಲಿಲ್ಲ. ಯೂಟ್ಯೂಬ್‌ನಲ್ಲಿ ಯಾರೋ ತುಕ್ಕು ಹಿಡಿದ ಪದ್ಮಿನಿಯನ್ನು ಹನ್ನೆರಡು ನಿಮಿಷದಲ್ಲಿ ಕನ್ನಡಿಯ ಹಾಗೆ ಹೊಳೆಯಿಸಿದ್ದ. ಮರುದಿನವೇ ಸ್ಪ್ಯಾನರ್ ಹಿಡಿದೆ.

ಬಿಚ್ಚೋ ಸುಖಾನೇ ಬೇರೆ. ಒಂದು ಗಂಟೆ ಕೂತರೆ ಬಂಪರ್ ಕೈಗೆ ಬರುತ್ತೆ, ಇನ್ನೊಂದು ಗಂಟೆಗೆ ಸೀಟು. ಎರಡು ವಾರದಲ್ಲಿ ಎಂಜಿನ್ ಒಂದು ಬಿಟ್ಟು ಬಹುತೇಕ ಎಲ್ಲ ಹೊರಗಿತ್ತು. ಬೋಲ್ಟುಗಳನ್ನು ಬಿಸ್ಕತ್ ಡಬ್ಬಿಗಳಿಗೆ ಹಾಕಿ ಚೀಟಿ ಅಂಟಿಸಿದೆ. ಫೋಟೋ ಹಾಕಿದೆ. ಲೈಕ್ಸ್ ಬಂದವು.

ಕೂಡಿಸೋದು ಹಾಗಲ್ಲ. ಒಂದು ರಬ್ಬರ್ ವಾಷರ್ ಸಿಗದಿದ್ದರೆ ಅದರ ಹಿಂದಿನ ಹತ್ತು ಕೆಲಸ ನಿಲ್ಲುತ್ತೆ. ಜೆಸಿ ರಸ್ತೆಯಲ್ಲಿ ಸಿಕ್ಕಿದ್ದು ಕೂರಲ್ಲ, ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿದ್ದು ಬಾಳಿಕೆ ಬರಲ್ಲ. ಡ್ಯಾಶ್‌ಬೋರ್ಡ್ ಹೇಗೂ ಬಿಚ್ಚಿದೀನಿ, ವೈರಿಂಗೂ ಹೊಸದು ಮಾಡೋಣ. ವೈರಿಂಗ್ ಮಾಡೋದಾದರೆ ಪೇಂಟ್ ಮೊದಲು ಆಗಲಿ. ಪೇಂಟ್‌ಗೆ ಮುಂಚೆ ಟಿಂಕರಿಂಗ್. ಹೀಗೆ ಹತ್ತು ಕೆಲಸದ ಪಟ್ಟಿ ನಲವತ್ತೊಂದಾಯಿತು. ಅಷ್ಟರಲ್ಲಿ ಆಫೀಸು ತೆರೆದು ಬೆಂಗಳೂರಿಗೆ ವಾಪಸ್. ತಿಂಗಳಿಗೊಮ್ಮೆ ಬಂದರೆ, ಹೋದ ಸಲ ಎಲ್ಲಿ ಬಿಟ್ಟಿದ್ದೆ ಅಂತ ನೆನಪಿಸಿಕೊಳ್ಳೋದರಲ್ಲೇ ಅರ್ಧ ದಿನ ಕಳೆಯುತ್ತಿತ್ತು. ಆಮೇಲೆ ಮೂರು ತಿಂಗಳಿಗೊಮ್ಮೆ. ಆಮೇಲೆ ಊರಿಗೆ ಬಂದರೂ ಹಿತ್ತಲಿಗೆ ಹೋಗೋದು ಬಿಟ್ಟೆ. ನಿಮ್ಮ ಮನೆಯಲ್ಲೂ ಒಂದು ಗಿಟಾರೋ, ಅರ್ಧ ಬರೆದ ಕಾದಂಬರಿಯೋ ಇದ್ದರೆ ನಾನು ಹೇಳೋದು ಗೊತ್ತಾಗುತ್ತೆ.

ಎದುರಿನ ಗುಡ್ಡ

ಹಂಪಿ ಎಕ್ಸ್‌ಪ್ರೆಸ್ ಇಳಿದು ಒಗ್ಗರಣೆ-ಮಿರ್ಚಿ ತಿನ್ನದೆ ನಾನು ಬಳ್ಳಾರಿ ಬಿಡೋದಿಲ್ಲ. ತಿಂದು ಆಟೋ ಹತ್ತಿದರೆ ಬಳ್ಳಾರಿ ಗುಡ್ಡದ ಕೋಟೆ ಕಾಣುತ್ತೆ. ಈ ಕೋಟೆಯ ಐತಿಹ್ಯ ಇಲ್ಲಿಯ ಮಕ್ಕಳಿಗೆಲ್ಲ ಬಾಯಿಪಾಠ. 18ನೇ ಶತಮಾನದಲ್ಲಿ ಹೈದರಾಲಿ ಒಬ್ಬ ಫ್ರೆಂಚ್ ಎಂಜಿನಿಯರ್ ಕೈಲಿ ಕೋಟೆಯನ್ನು ಹೊಸದಾಗಿ ಕಟ್ಟಿಸಿದನಂತೆ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ! ಅಲ್ಲಿ ತೋಪು ಇಟ್ಟರೆ ಕೋಟೆಯ ಕತೆ ಮುಗೀತು. ಎಂಜಿನಿಯರನನ್ನು ಗಲ್ಲಿಗೇರಿಸಿದರಂತೆ.

ಚಿಕ್ಕಂದಿನಲ್ಲಿ ಆ ಎಂಜಿನಿಯರನ ಬಗ್ಗೆ ಅಯ್ಯೋ ಅನಿಸುತ್ತಿತ್ತು. ಈ ಸಲ ಬೇರೆಯೇ ಹೊಳೆಯಿತು. ಮುಗಿಸಿದ್ದಕ್ಕೇ ತಾನೆ ಅವನ ತಪ್ಪು ಕಂಡದ್ದು? "ಇನ್ನೂ ಕೆಲಸ ನಡೀತಿದೆ" ಅಂತ ಎಳೆಯುತ್ತಾ ಇದ್ದಿದ್ದರೆ ಬಚಾವಾಗುತ್ತಿದ್ದ. ನನ್ನ ಪದ್ಮಿನಿಯೂ ತಾಡಪತ್ರಿ ಕೆಳಗಿರುವ ತನಕ ಯೂಟ್ಯೂಬ್‌ನ ಕಾರಿನಷ್ಟೇ ಚೆಂದ. ಹೊರಗೆ ತಂದರೆ ಅದು ಸೊಟ್ಟ ಬಾಗಿಲಿನ, ಹೊಗೆ ಬಿಡುವ ಹಳೇ ಗಾಡಿ. ಐದು ವರ್ಷ ನಾನು ಸೋಮಾರಿಯಾಗಿದ್ದೆ ಅಂದುಕೊಂಡಿದ್ದೆ. ಹೆದರಿದ್ದೆ ಅನ್ನೋದೇ ಸರಿ.

ಬಳ್ಳಾರಿಯಿಂದ ಕುರುಗೋಡಿಗೆ ಸುಮಾರು 30 ಕಿ.ಮೀ. ಕೋಳೂರು ದಾಟಿದ ಮೇಲೆ ಬಸ್ಸಿನ ಎರಡೂ ಕಡೆ ಭತ್ತ. ನವೆಂಬರ್ ಮೊದಲ ವಾರ, ತೆನೆ ಹಳದಿಗೆ ತಿರುಗಿತ್ತು. ಬಳ್ಳಾರಿ ಅಂದರೆ ಗಣಿ ಧೂಳು ಅಂತಷ್ಟೇ ತಿಳಿದವರು ಈ ರಸ್ತೆಗೆ ಬರಬೇಕು. ತುಂಗಭದ್ರಾ ಕಾಲುವೆ ನೀರು ಹರಿದಲ್ಲೆಲ್ಲ ಎರೆ ಭೂಮಿ ಹಸಿರು. ಅದರ ನಡುವೆ ಯಾರೋ ಬಂಡೆ ಪೇರಿಸಿ ಮರೆತು ಹೋದ ಹಾಗೆ ಗುಡ್ಡಗಳು ಕಾಣಿಸಿದರೆ ಕುರುಗೋಡು ಬಂತು ಅಂತ ಲೆಕ್ಕ. ಕಲ್ಯಾಣದ ಚಾಲುಕ್ಯರ ಸಾಮಂತರಾದ ಸಿಂದರು ಇಲ್ಲಿಂದ ಆಳಿದರು. ಗುಡ್ಡದ ಮೇಲೆ ಕೋಟೆಯ ಗೋಡೆ, ಕೆಳಗೆ ಹಳೇ ಕಲ್ಲಿನ ಗುಡಿಗಳು. ತಾಲ್ಲೂಕು ಆಗಿದ್ದು ಮಾತ್ರ ಮೊನ್ನೆ ಮೊನ್ನೆ, 2018ರಲ್ಲಿ.

"ಬಂದ್ಯಾ? ಮುಖ ತೊಳ್ಕೊ" ಅಂದರು ಅಪ್ಪ. ಕಾರಿನ ಮಾತು ಎತ್ತಲಿಲ್ಲ.

ನಾನೇ ಹೋಗಿ ತಾಡಪತ್ರಿ ಸರಿಸಿದೆ. ಹಿಂದಿನ ಸೀಟಿನೊಳಗೆ ಇಲಿ ಗೂಡು, ತುಂಬಾ ಭತ್ತದ ಹೊಟ್ಟು. ವೈರುಗಳನ್ನು ಕಡಿದು ಹಾಕಿದ್ದವು. ಡಬ್ಬಿಗಳ ಮೇಲಿನ ಅಕ್ಷರ ಮಾಸಿತ್ತು. ಮೂಲೆಯಲ್ಲಿ ನಾಲ್ಕು ಸತ್ತ ಬ್ಯಾಟರಿ. ಪ್ರತಿ ಸಲ "ಈ ಸಲ ಸ್ಟಾರ್ಟ್ ಮಾಡೇ ತೀರ್ತೀನಿ" ಅಂತ ತಂದವು. ನೋಡಿ, ಗುಜರಿಯವನೇ ಸರಿ ಅನಿಸಿತು.

ಒಂದು ಗೇಟಿನ ಲೆಕ್ಕ

ಸಂಜೆ ಅಪ್ಪನ ಜೊತೆ ದೊಡ್ಡ ಬಸವೇಶ್ವರ ಗುಡಿಗೆ ಹೊರಟೆ. ಮಂಡಿ ನೋವು, ನಾಲ್ಕು ಕಡೆ ನಿಂತು ನಿಂತು ಬಂದರು. ಒಳಗೆ ಒಂದೇ ಕಲ್ಲಿನ ಭಾರೀ ಬಸವಣ್ಣ. ಮುಖ ನೋಡಬೇಕಾದರೆ ತಲೆ ಎತ್ತಲೇಬೇಕು. ಕೊಂಬು ಮುರಿದರೆ ಬೇರೆ ತಂದು ಹಾಕೋ ಹಾಗಿಲ್ಲ, ಉಳಿ ಜಾರಿದರೆ ಇನ್ನೊಂದು ಬಂಡೆ ಹುಡುಕಬೇಕು. ಆದರೂ ಯಾರೋ ಮೊದಲ ಪೆಟ್ಟು ಹೊಡೆದರು, ಯಾರೋ ಕೊನೆಯ ಪೆಟ್ಟೂ ಹೊಡೆದರು.

ಗುಡಿ ಹೊರಗಿನ ಚಹಾ ಅಂಗಡಿಯಲ್ಲಿ ಹಳೇ ಮಿಸ್ತ್ರಿ ಸಿಕ್ಕರು. ನಮ್ಮ ಪದ್ಮಿನಿಗೆ ಇಪ್ಪತ್ತು ವರ್ಷ ಕೈ ಹಾಕಿದವರು. ಈಗ ಗ್ಯಾರೇಜ್ ಮಗನಿಗೆ ಬಿಟ್ಟಿದಾರೆ. ನಾನು ನನ್ನ ಪಟ್ಟಿಯ ಕತೆ ಹೇಳಿದೆ. ಯಾವ ಬಣ್ಣ, ಯಾವ ಸೀಟ್ ಬಟ್ಟೆ, ಹೇಗೆ ಕಾಣಬೇಕು ಅಂತ ಮೊಬೈಲಿನಲ್ಲಿ ಫೋಟೋ ತೋರಿಸಿದೆ.

ಅವರು ಕನ್ನಡಕ ಏರಿಸಿ ನೋಡಿದರು. "ತಮ್ಮಾ, ನೀನು ಕಾರು ರಿಪೇರಿ ಮಾಡಾಕತ್ತಿಲ್ಲ. ಈ ಫೋಟೋ ರಿಪೇರಿ ಮಾಡಾಕತ್ತೀದಿ."

ನಾನು ಸುಮ್ಮನಾದೆ. ಅವರೇ ಮುಂದುವರಿಸಿದರು. "ಹೋದ ವರ್ಷ ಡ್ಯಾಮಿನ ಗೇಟು ಕಿತ್ಕೊಂಡು ಹೋತಲ್ಲ, ನೆನಪೈತೇನು?"

ಯಾರು ಮರೀತಾರೆ? 2024ರ ಆಗಸ್ಟ್ 10ರ ರಾತ್ರಿ ಚೈನ್ ಲಿಂಕ್ ತುಂಡಾಗಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಗಿತ್ತು. ತುಂಬಿದ ಡ್ಯಾಮಿನ ನೀರು ಹೊಳೆ ಪಾಲು. ಈ ಭಾಗದ ರೈತರು ಊಟ ಬಿಟ್ಟು ಟಿವಿ ಮುಂದೆ ಕೂತಿದ್ದರು. ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯೋ ನೀರಿನಲ್ಲೇ ತಾತ್ಕಾಲಿಕ ಸ್ಟಾಪ್‌ಲಾಗ್ ತುಂಡುಗಳನ್ನು ಇಳಿಸಿ, ಒಂದು ವಾರದೊಳಗೆ ಆ ಕಿಂಡಿ ಮುಚ್ಚಿತು.

"ಡ್ಯಾಮಿಗೆ 33 ಗೇಟು. ಎಲ್ಲಾ 33 ಹೊಸಾವು ಹಾಕಾತನ ತಡೀರಿ ಅಂದಿದ್ರ ನೀರು ನಿಲ್ತಿತ್ತೇನು? ಮೊದ್ಲು ಹರಿಯೋದನ್ನ ಮುಚ್ಚಿದ್ರು. ಬೆಳಿ ಬಂತು. ನಿನ್ನ ಗಾಡಿಗೂ ಅಷ್ಟ. ಏನಿದ್ರ ಅದು ಹತ್ತು ಹೆಜ್ಜಿ ಹೋಗ್ತೈತಿ? ಅಷ್ಟು ಮಾಡು. ನಾಳೆ ಮುಂಜಾನೆ ಬರ್ತೀನಿ."

ಅಪ್ಪ ಚಹಾದ ಲೋಟ ಕೆಳಗಿಟ್ಟು ಬೇರೆ ಕಡೆ ನೋಡಿದರು.

ಒತ್ತು, ಹಿಡಿ, ಬಿಡು

ಭಾನುವಾರ ಬೆಳಗ್ಗೆ ನಲವತ್ತೊಂದರ ಪಟ್ಟಿ ಹರಿದು ಹೊಸ ಹಾಳೆಯಲ್ಲಿ ನಾಲ್ಕೇ ಸಾಲು ಬರೆದೆ. ಬ್ರೇಕು. ಪೆಟ್ರೋಲು. ಕಿಡಿ. ಮುಂದಿನ ಸೀಟು.

ಎಂಜಿನ್ ಜಾಮ್ ಆಗಿದ್ದರೆ ಅಲ್ಲಿಗೇ ಮುಕ್ತಾಯ. ಐದು ವರ್ಷ ನಿಂತ ಎಂಜಿನ್‌ನಲ್ಲಿ ಪಿಸ್ಟನ್ ರಿಂಗ್ ತುಕ್ಕಿಗೆ ಅಂಟಿಕೊಳ್ಳೋದು ಮಾಮೂಲಿ. ಮಿಸ್ತ್ರಿ ಮುಂದಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಜೋರಾಗಿ ಎಳೆಯೋಕೆ ನಿಂತರು. ಅದು ಮೆತ್ತಗೆ ತಿರುಗಿತು. ಇನ್ನೊಂದು ಸುತ್ತು ತಿರುಗಿಸಿದರು. ಆಮೇಲೆ ಅಪ್ಪನ ಮುಖ ನೋಡಿದರು.

"ಪ್ಲಗ್ ತೆಗೆದು ಚೂರು ಎಣ್ಣಿ ಬಿಟ್ಟು, ವಾರಕ್ಕೊಮ್ಮಿ ತಿರುಗಿಸ್ತಿದ್ದೆ" ಅಂದರು ಅಪ್ಪ. "ಅವ ಬರ್ತಾನ, ಬಂದಾಗ ಜಾಮ್ ಆಗಿರಬಾರ್ದು ಅಂತ."

ಐದು ವರ್ಷ. ನನಗೊಂದು ಮಾತೂ ಹೇಳಿರಲಿಲ್ಲ. ನಾನು ಯಾವತ್ತೂ ಕೇಳಿರಲೂ ಇಲ್ಲ.

ಪದ್ಮಿನಿಗೆ ನಾಲ್ಕು ಗಾಲಿಗೂ ಡ್ರಮ್ ಬ್ರೇಕು. ಸಿಲಿಂಡರುಗಳನ್ನು ಬಿಚ್ಚಿ ತೊಳೆದು, ಮಿಸ್ತ್ರಿ ತಂದಿದ್ದ ಹೊಸ ರಬ್ಬರ್ ಹಾಕಿದೆವು. ಆಮೇಲೆ ಪೈಪಿನೊಳಗಿನ ಗಾಳಿ ತೆಗೆಯೋ ಕೆಲಸ. ನಾನು ಪೆಡಲ್ ಮೇಲೆ, ಅವರು ಗಾಲಿ ಕೆಳಗೆ. "ಒತ್ತು... ಹಿಡಿ... ಬಿಡು." ಮಧ್ಯಾಹ್ನದ ತನಕ ಇದೇ ಮಂತ್ರ. ಟ್ಯಾಂಕಿನ ಹಳೇ ಪೆಟ್ರೋಲ್ ವಾರ್ನಿಷ್ ವಾಸನೆ ಹೊಡೀತಿತ್ತು. ಅದನ್ನು ಹಾಗೇ ಬಿಟ್ಟು, ಹೊಸ ಪೆಟ್ರೋಲಿನ ಸಣ್ಣ ಡಬ್ಬಿಯನ್ನು ಮೇಲೆ ಕಟ್ಟಿ ಕಾರ್ಬುರೇಟರಿಗೆ ಪೈಪು ಕೊಟ್ಟರು. (ಅನುಭವಸ್ಥರಿಲ್ಲದೆ ಇದನ್ನು ಮಾಡಬೇಡಿ, ನಮ್ಮ ಪಕ್ಕದಲ್ಲಿ ಮರಳಿನ ಬಕೆಟ್ ಇತ್ತು.) ಡಿಸ್ಟ್ರಿಬ್ಯೂಟರ್ ಪಾಯಿಂಟುಗಳನ್ನು ಉಜ್ಜಿ, ಕಂಡೆನ್ಸರ್ ಬದಲಾಯಿಸಿ, ಕಡಿದ ವೈರುಗಳಲ್ಲಿ ಬೇಕಾದ ಎರಡನ್ನಷ್ಟೇ ಜೋಡಿಸಿದರು. ಬ್ಯಾಟರಿ ಮಿಸ್ತ್ರಿಯ ಮಗನ ಟ್ರ್ಯಾಕ್ಟರಿನದು.

ನಾಲ್ಕು ಗಂಟೆಗೆ ಕೀ ತಿರುಗಿಸಿದೆ. ಕೆಮ್ಮಿತು. ಮತ್ತೆ ಕೆಮ್ಮಿತು. ಐದನೇ ಸಲಕ್ಕೆ ಹಿತ್ತಲೆಲ್ಲ ನೀಲಿ ಹೊಗೆ ತುಂಬಿ, ಕೋಳಿಗಳು ಓಡಿ, ಎಂಜಿನ್ ಹಿಡಿದುಕೊಂಡಿತು. ಅವ್ವ ಸೆರಗು ಮೂಗಿಗೆ ಹಿಡಿದು ಹೊರಗೆ ಬಂದಳು.

ರಸ್ತೆಗೆ ಇಳಿಸೋ ಹಾಗಿರಲಿಲ್ಲ. ವಿಮೆ ಇಲ್ಲ, ಆರ್‌ಸಿ ಅವಧಿ ಮುಗಿದಿದೆ. ಆದರೆ ಹಿತ್ತಲಿಗೆ ಅಂಟಿಕೊಂಡೇ ನಮ್ಮ ಹಳೇ ಕಣ ಇದೆ. ಈಗ ಭತ್ತದ ಕಟಾವಿಗೆ ಮಷೀನ್ ಬರೋದರಿಂದ ಅದು ಖಾಲಿ. ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಫಸ್ಟ್ ಗಿಯರಿಗೆ ಹಾಕಿದೆ. ಸಿಗಲಿಲ್ಲ. ಅಪ್ಪ ಕೈ ಚಾಚಿ ಕಡ್ಡಿಯನ್ನು ಒಂಚೂರು ತಮ್ಮ ಕಡೆ ಎಳೆದು ಮೇಲೆತ್ತಿದರು. ಬಿತ್ತು.

ಅರವತ್ತು ಹೆಜ್ಜೆ ಹೋದೆವು. ಬ್ರೇಕ್ ಮೂರು ಸಲ ಒತ್ತಿದ ಮೇಲೆ ಹಿಡಿಯಿತು. ಹಾರ್ನ್ ಇಲ್ಲ, ಬಂಪರ್ ಇಲ್ಲ, ಒಂದು ಬಾಗಿಲಿಗೆ ಹಗ್ಗ. ಎದುರಿನ ಗುಡ್ಡ ಎತ್ತರವೇ ಇತ್ತು. ಯಾರೂ ನನ್ನನ್ನು ಗಲ್ಲಿಗೇರಿಸಲಿಲ್ಲ. ಕಣದ ಆ ತುದಿಯಲ್ಲಿ ನಿಲ್ಲಿಸಿದಾಗ ಅಪ್ಪ ಅಂದದ್ದು ಇಷ್ಟೇ: "ಕ್ಲಚ್ ಇನ್ನೂ ಛಲೋ ಐತಿ."

ಪದ್ಮಿನಿ ಮುಗಿದಿಲ್ಲ. ಇನ್ನೂ ಮೂವತ್ತೇಳು ಕೆಲಸ ಬಾಕಿ. ಆದರೆ ಈಗ ನನ್ನ ಪಟ್ಟಿಯಲ್ಲಿ ಒಂದು ಸಲಕ್ಕೆ ಒಂದೇ ಸಾಲು ಇರುತ್ತೆ. ಸದ್ಯದ್ದು ಆರ್‌ಸಿ ನವೀಕರಣ. 15 ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೆ ಮಾಡಿಸಬೇಕು. 20 ವರ್ಷ ದಾಟಿದ್ದರೆ 2025ರಿಂದ ಶುಲ್ಕ 10,000 ರೂ. ಅದಕ್ಕೆ ಲೈಟು, ಹಾರ್ನು, ಬ್ರೇಕು ಸರಿ ಇರಬೇಕು. ಬಣ್ಣ ಹೊಳೀಬೇಕು ಅಂತ ಯಾರೂ ಕೇಳಲ್ಲ. ಬೇಸಿಗೆ ಶುರುವಿನ ದೊಡ್ಡ ಬಸವೇಶ್ವರ ಜಾತ್ರೆಗೆ ಅಪ್ಪ ನಡೆಯೋದು ಬೇಡ ಅನ್ನೋದು ಲೆಕ್ಕ.

ಬುಧವಾರ ಫೋನ್ ಬಂತು. "ಗುಜರಿಯವ ಮತ್ತ ಬಂದಿದ್ದ."

"ಏನಂದ್ರಿ?"

"ನಾಲ್ಕು ಹಳೇ ಬ್ಯಾಟರಿ ಅದಾವ, ಒಯ್ಯಿ ಅಂದೆ."

ಕುರುಗೋಡಿಗೆ ಹೋಗೋರಿಗೆ: ಬೆಂಗಳೂರಿನಿಂದ ಬಳ್ಳಾರಿಗೆ ರಾತ್ರಿ ರೈಲು, ಬಸ್ಸು ಇವೆ. ಅಲ್ಲಿಂದ ಕುರುಗೋಡಿಗೆ ಬಸ್ ಸಿಗುತ್ತೆ. ದೊಡ್ಡ ಬಸವೇಶ್ವರ ಗುಡಿ, ಸಿಂದರ ಕಾಲದ ಹಳೇ ಗುಡಿಗಳು, ಗುಡ್ಡದ ಕೋಟೆ ಒಂದು ದಿನಕ್ಕೆ ಸಾಕು. ನವೆಂಬರ್‌ನಿಂದ ಫೆಬ್ರವರಿ ಒಳ್ಳೇ ಸಮಯ. ಏಪ್ರಿಲ್-ಮೇ ಬಿಸಿಲಿಗೆ ಬಂಡೆ ಹತ್ತೋದು ಬೇಡ. ಬೆಳಗಿನ ಒಗ್ಗರಣೆ-ಮಿರ್ಚಿ ಮಾತ್ರ ತಪ್ಪಿಸಬೇಡಿ.